ತಂತ್ರಜ್ಞನ ಕಥೆಯೂ ಓದುಗನ ಆರೋಗ್ಯವೂ

ಕಾದಂಬರಿಯೊಂದು ಪೂರ್ಣಗೊಂಡು ಗ್ರಂಥರೂಪದಲ್ಲಿ ಹೊರಬರುವುದಕ್ಕೆ ಮುನ್ನವೇ ಅದರ ಒಂದು ಭಾಗವನ್ನು ಓದುಗರ ಮುಂದಿಡುವ ಪದ್ಧತಿ ಹೊಸದಲ್ಲ. 1836–37ರಲ್ಲಿ ಚಾರ್ಲ್ಸ್ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ತಿಂಗಳ ಕಂತುಗಳಲ್ಲಿ ಹೊರಬರುತ್ತಿದ್ದಾಗ ಆರಂಭದ ಮಾರಾಟ ತೀರ ಅಲ್ಪವಾಗಿತ್ತು. ಸ್ಯಾಮ್ ವೆಲರ್ ಎಂಬ ಮಾತುಗಾರ ಸೇವಕನು ಕಥೆಯನ್ನು ಪ್ರವೇಶಿಸಿದ ನಂತರ ಅದು ಸಾವಿರಗಟ್ಟಲೆ ಪ್ರತಿಗಳಿಗೇರಿತು. 1893ರ ಡಿಸೆಂಬರಿನಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೊಂದ ಕಾನನ್ ಡಾಯ್ಲ್, ಓದುಗರ ಅಸಮಾಧಾನ ವರ್ಷಗಳು ಕಳೆದರೂ ತಣಿಯದಿದ್ದುದರಿಂದ ಕೊನೆಗೆ ಅವನನ್ನು ಮರಳಿ ಬದುಕಿಸಬೇಕಾಯಿತು. ಕನ್ನಡದಲ್ಲಿಯೂ 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಆರಂಭವಾದ ‘ತರಂಗ’ ಮೊದಲಾದ ವಾರಪತ್ರಿಕೆಗಳು ಧಾರಾವಾಹಿಗಳ ಮೂಲಕವೇ ಮನೆಮನೆಯ ಮಾತಾದವು. ಮುಂದಿನ ವಾರ ಏನಾಗುವುದೋ ಎಂಬ ಕುತೂಹಲದೊಡನೆ ಓದುಗರ ಪತ್ರಗಳೂ ಬೆಳೆದವು. ಲೇಖಕನು ಇನ್ನೂ ಬರೆಯುತ್ತಿರುವಾಗಲೇ ಓದುಗನು ಉತ್ತರ ಕೊಡುವ ಈ ವ್ಯವಹಾರ ಸಾಹಿತ್ಯದ ಆರೋಗ್ಯಕ್ಕೆ ಒಳ್ಳೆಯದು. ಅದು ಓದುಗನ ಆರೋಗ್ಯಕ್ಕೂ ಒಳ್ಳೆಯದಾಗಬಲ್ಲುದೇ ಎಂಬುದು ಇಲ್ಲಿಯ ವಿಚಾರ.

ಈ ಪ್ರಶ್ನೆಗೆ ಕಾರಣವಾದುದು ಒಂದು ವಿಶೇಷ ಬಗೆಯ ಕಾದಂಬರಿ. ಗಣಕಯಂತ್ರದ ಮುಂದೆ ಕುಳಿತು ದುಡಿಯುವ ತಂತ್ರಜ್ಞರನ್ನು ಕುರಿತ ಕಾದಂಬರಿ. ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಇಂದು ಅಂತಹ ಉದ್ಯೋಗಸ್ಥರು ಒಬ್ಬರಾದರೂ ಇಲ್ಲದ ಮನೆ ವಿರಳ. ಆದರೆ ಅವರ ದಿನಚರಿಯ ಒಳಗುಟ್ಟು ಮನೆಯವರಿಗೆ ತಿಳಿದಿರುವುದು ಇನ್ನೂ ವಿರಳ.

ಬಾಗಿಲ ಕೆಳಗಿನ ಊಟ

1994ರ ಜನವರಿಯಲ್ಲಿ ಅಮೆರಿಕದ ‘ವೈರ್ಡ್’ ಎಂಬ ಮಾಸಪತ್ರಿಕೆಯಲ್ಲಿ ಕೆನಡಾದ ಲೇಖಕ ಡಗ್ಲಸ್ ಕೂಪ್ಲೆಂಡ್‌ನ ‘ಮೈಕ್ರೋಸರ್ಫ್ಸ್’ ಎಂಬ ಕಥನ ಪ್ರಕಟವಾಯಿತು. ‘ಸರ್ಫ್’ ಎಂದರೆ ಮಧ್ಯಯುಗದ ಯುರೋಪಿನಲ್ಲಿ ಭೂಮಿಯ ಒಡೆಯನಿಗೆ ಕಟ್ಟುಬಿದ್ದಿದ್ದ ಜೀತದ ಒಕ್ಕಲಿಗ. ಮೈಕ್ರೋಸಾಫ್ಟ್ ಕಂಪನಿಯ ಉದ್ಯೋಗಿಗಳನ್ನು ಲೇಖಕನು ಆ ಒಕ್ಕಲಿಗನಿಗೆ ಹೋಲಿಸಿದ್ದಾನೆ. ಮರುವರ್ಷ, 1995ರಲ್ಲಿ, ಇದೇ ಭಾಗವು ಬೆಳೆದು ಅದೇ ಹೆಸರಿನ ದೊಡ್ಡ ಕಾದಂಬರಿಯಾಯಿತು.

ಕಥೆ ಡೇನಿಯಲ್ ಎಂಬ ತರುಣನ ದಿನಚರಿಯ ರೂಪದಲ್ಲಿದೆ. ಪ್ರೋಗ್ರಾಮ್‌ಗಳಲ್ಲಿಯ ದೋಷಗಳನ್ನು ಹುಡುಕುವುದು ಅವನ ಉದ್ಯೋಗ. ಆರಂಭದಲ್ಲಿಯೇ ಬರುವ ಪ್ರಸಂಗವೊಂದು ಮರೆಯಲಾಗದಂಥದು. ಮೈಕಲ್ ಎಂಬ ಪ್ರತಿಭಾವಂತ ಸಹೋದ್ಯೋಗಿಯು ಬರೆದ ಕೋಡಿನ ಒಂದು ಭಾಗವನ್ನು ಕಂಪನಿಯ ಮುಖ್ಯಸ್ಥನೇ ಕಟುವಾಗಿ ಟೀಕಿಸಿ ಅಂಚೆ ಕಳುಹಿಸುತ್ತಾನೆ. ಮೈಕಲ್ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಹೊರಬರುವುದಿಲ್ಲ. ಅವನು ಹಸಿದಾನೆಂದು ಚಿಂತಿಸಿದ ಡೇನಿಯಲ್, ಅಂಗಡಿಗೆ ಹೋಗಿ ಬಾಗಿಲ ಕೆಳಗಿನ ಸಂದಿಯಲ್ಲಿ ಜಾರಿಸಬಹುದಾದ ಚಪ್ಪಟೆಯ ತಿನಿಸುಗಳನ್ನೇ ಆಯ್ದು ತರುತ್ತಾನೆ: ಚೀಸಿನ ತೆಳು ಹಾಳೆಗಳು, ಬಿಸ್ಕತ್ತು, ಒಣಹಣ್ಣಿನ ಪದರ. ಮುಂದೆ ಮೈಕಲ್ ಚಪ್ಪಟೆಯ ಆಹಾರವನ್ನು ಮಾತ್ರವೇ ತಿನ್ನುವ ವ್ರತ ಹಿಡಿಯುತ್ತಾನೆ!

ಪ್ರಸಂಗ ನಗೆ ತರಿಸುವಂಥದು. ನಗೆ ನಿಂತ ಮೇಲೆ ಮಾತ್ರ ಕೆಲವು ಪ್ರಶ್ನೆಗಳು ಉಳಿಯುತ್ತವೆ. ಒಂದು ಅಂಚೆಗೆ ಒಬ್ಬ ಬುದ್ಧಿವಂತನು ಊಟ ಬಿಡುವಷ್ಟು ಕುಸಿದುದೇಕೆ? ಬಾಗಿಲು ತೆರೆಸುವುದಕ್ಕೆ ಬದಲಾಗಿ ಸಂದಿಯಲ್ಲಿ ತಿಂಡಿ ಜಾರಿಸುವುದೇ ಸ್ನೇಹವೆಂದು ಎಲ್ಲರೂ ಒಪ್ಪಿಕೊಂಡುದೇಕೆ? ಅಲ್ಲಿಯ ತರುಣರು ತಮ್ಮ ವಯಸ್ಸನ್ನು ಲೆಕ್ಕವಿಡುವುದಕ್ಕಿಂತ ಹೆಚ್ಚಾಗಿ ಕಂಪನಿಯ ಷೇರಿನ ಬೆಲೆಯನ್ನು ಲೆಕ್ಕವಿಡುತ್ತಾರೆ. ದೇಹವೆಂಬುದು ಮೆದುಳನ್ನು ಕಚೇರಿಗೆ ಸಾಗಿಸುವ ವಾಹನ ಮಾತ್ರ ಎಂಬಂತೆ ಬದುಕುತ್ತಾರೆ.

ಕನ್ನಡದಲ್ಲಿ ಮೊದಲೇ ಬಂದ ‘ಶಿಕಾರಿ’

ಅಮೆರಿಕದ ಈ ಕಥೆಗೆ 15 ವರ್ಷ ಮುನ್ನವೇ, ಗಣಕಯಂತ್ರಗಳು ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ, ಮುಂಬಯಿಯ ಕನ್ನಡಿಗರೊಬ್ಬರು ಇಂತಹುದೇ ಬಾಗಿಲು ಹಾಕಿಕೊಂಡ ಮನುಷ್ಯನನ್ನು ಚಿತ್ರಿಸಿದ್ದರು ಎಂಬುದು ಹೆಮ್ಮೆಯ ಸಂಗತಿ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಹೊರಬಂದಿತು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿದ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞಾನವನ್ನೂ ಅಮೆರಿಕದಲ್ಲಿ ಉನ್ನತ ವ್ಯಾಸಂಗವನ್ನೂ ಮಾಡಿ ಪ್ಲಾಸ್ಟಿಕ್ ಮತ್ತು ಪಾಲಿಮರ್ ಉದ್ಯಮದಲ್ಲಿ ದೀರ್ಘಕಾಲ ದುಡಿದವರು. ‘ಕಥೆಯಾದಳು ಹುಡುಗಿ’ಗೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರು 2014ರಲ್ಲಿ ಮುಂಬಯಿಯಲ್ಲಿಯೇ ನಿಧನರಾದರು.

‘ಶಿಕಾರಿ’ಯ ನಾಯಕ ನಾಗಪ್ಪನು ಮುಂಬಯಿಯ ಕಂಪನಿಯೊಂದರಲ್ಲಿ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ಅಮಾನತುಗೊಳಿಸಲಾಗುತ್ತದೆ. ತನ್ನ ಮೇಲಿನ ಆರೋಪವೇನು, ಹಿಂದಿರುವವರು ಯಾರು ಎಂಬುದು ಅವನಿಗೆ ಸ್ಪಷ್ಟವಾಗುವುದಿಲ್ಲ. ಅನುಮಾನ, ಭಯ, ಹಳೆಯ ನೆನಪುಗಳು ಅವನನ್ನು ಬೇಟೆನಾಯಿಗಳಂತೆ ಅಟ್ಟುತ್ತವೆ. ಇದನ್ನು ಓದಿದ ಅನೇಕರಿಗೆ ಕಾಫ್ಕಾನ ‘ದಿ ಟ್ರಯಲ್’ ನೆನಪಾಗುವುದು ಸಹಜ. ಆ ಕಾಫ್ಕಾ ಕೂಡ ಪ್ರಾಗ್ ನಗರದ ಕಾರ್ಮಿಕ ಅಪಘಾತ ವಿಮಾ ಸಂಸ್ಥೆಯಲ್ಲಿ ಹಗಲು ದುಡಿದು ರಾತ್ರಿ ಬರೆಯುತ್ತಿದ್ದವನೇ.

ಕೂಪ್ಲೆಂಡ್ ತಂತ್ರಜ್ಞನಲ್ಲ, ಶಿಲ್ಪಕಲೆಯನ್ನು ಓದಿದವನು. ಹೊರಗಿನಿಂದ ನೋಡಿ ಬರೆದವನು. ಚಿತ್ತಾಲರು ಒಳಗೇ ಇದ್ದು ಕಂಡವರು. ಒಳಗಿನವನಿಗೆ ಭಯದ ಬೇರು ಕಾಣುತ್ತದೆ, ಹೊರಗಿನವನಿಗೆ ನಿತ್ಯದ ವಿಚಿತ್ರಗಳು ಕಾಣುತ್ತವೆ. ತಂತ್ರಜ್ಞರ ಕುರಿತ ಬರಹದ ಒಂದು ಭಾಗ ಪ್ರಕಟವಾದೊಡನೆ ಅದೇ ಉದ್ಯೋಗದಲ್ಲಿರುವ ಓದುಗನು ಕೇಳುವ ಮೊದಲ ಪ್ರಶ್ನೆ “ಬರೆದವನು ಈ ಕೆಲಸ ಮಾಡಿದ್ದಾನೆಯೇ?” ಎಂಬುದು. ಪ್ರಶ್ನೆ ನ್ಯಾಯವಾದುದೇ. ಆದರೆ ಅದೇ ಕೊನೆಯ ಪ್ರಶ್ನೆಯಾಗಬಾರದು. ಈಚಿನ ಕನ್ನಡದಲ್ಲಿ, ಸಾಫ್ಟ್‌ವೇರ್ ಉದ್ಯಮದಲ್ಲಿ ದುಡಿದು ಅನುಭವ ಪಡೆದ ವಸುಧೇಂದ್ರ ಅವರಂತಹ ಲೇಖಕರು ಆ ಲೋಕವನ್ನು ಕಥೆಗಳಿಗೆ ತಂದಿರುವುದರಿಂದ ಒಳಗಿನ ನೋಟಕ್ಕೆ ಕೊರತೆಯಿಲ್ಲ. ಓದುಗರು ಅದಕ್ಕೆ ಹೇಗೆ ಉತ್ತರ ಕೊಡುತ್ತಾರೆ ಎಂಬುದೇ ಮುಖ್ಯ.

ಒಂದು ಮನೆ, ನಾಲ್ವರು ಓದುಗರು

ಮೈಕಲ್‌ನ ಪ್ರಸಂಗವನ್ನು ಡೊಂಬಿವಲಿಯ ಒಂದು ಕನ್ನಡ ಮನೆಯಲ್ಲಿ ಭಾನುವಾರ ಸಂಜೆ ಕನ್ನಡದಲ್ಲಿ ಗಟ್ಟಿಯಾಗಿ ಓದಲಾಯಿತೆಂದು ಕಲ್ಪಿಸಿಕೊಳ್ಳಬಹುದು. ಮನೆ ಕಲ್ಪಿತವಾದರೂ ಅಂತಹ ಮನೆಗಳು ಪ್ರತಿ ಸೊಸೈಟಿಯಲ್ಲಿಯೂ ಇವೆ. ಯಜಮಾನರು ಥಾಣೆ–ಬೇಲಾಪುರ ರಸ್ತೆಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಮೂರು ಪಾಳಿಗಳಲ್ಲಿ ದುಡಿದು ನಿವೃತ್ತರಾದವರು. ಪತ್ನಿ ಕುಂದಾಪುರದ ಕಡೆಯವರು. ಮಗನಿಗೆ ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ. ಸೊಸೆಗೆ ಮಹಾಪೆಯಲ್ಲಿ, ವಿದೇಶದ ಗಿರಾಕಿಗಳ ಸಮಯಕ್ಕೆ ಹೊಂದಿಕೊಂಡ ರಾತ್ರಿ ಪಾಳಿ.

ಓದು ಮುಗಿದೊಡನೆ ಯಜಮಾನರು ಹೇಳುವ ಮಾತು ಊಹಿಸಲು ಕಷ್ಟವಲ್ಲ. “ಇದೊಂದು ಕಷ್ಟವೇ? ತಂಪು ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸ. ನಮ್ಮ ಕಾಲದಲ್ಲಿ ಗ್ಯಾಸಿನ ವಾಸನೆಯಲ್ಲಿ ಎಂಟು ಗಂಟೆ ನಿಂತಿರುತ್ತಿದ್ದೆವು.” ಅವರ ಮಾತಿನಲ್ಲಿ ಸತ್ಯವಿದೆ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ ಥಾಣೆಯ ವಾಗ್ಳೆ ಎಸ್ಟೇಟಿನಿಂದ ಆರಂಭವಾದ ಕೈಗಾರಿಕಾ ಯುಗದಲ್ಲಿ ಆ ತಲೆಮಾರು ದೇಹವನ್ನೇ ಒತ್ತೆಯಿಟ್ಟು ದುಡಿಯಿತು. ಅಪಾಯ ಇಂದಿಗೂ ತೀರಿಲ್ಲ. 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಸಂಭವಿಸಿದ ಸ್ಫೋಟಗಳು ಪ್ರಾಣಹಾನಿಯೊಡನೆ ಸುತ್ತಲಿನ ಮನೆಗಳ ಗಾಜುಗಳನ್ನೂ ಒಡೆದವು. ಆದರೆ ಯಜಮಾನರು ಒಂದು ವ್ಯತ್ಯಾಸವನ್ನು ಗಮನಿಸಿಲ್ಲ. ಅವರ ಕಾಲದಲ್ಲಿ ಭೋಂಗಾ ಕೂಗಿದೊಡನೆ ಪಾಳಿ ಮುಗಿಯುತ್ತಿತ್ತು. ಕಾರ್ಖಾನೆಯ ಯಂತ್ರ ಅವರೊಡನೆ ಮನೆಗೆ ಬರುತ್ತಿರಲಿಲ್ಲ. ಮಗನ ಯಂತ್ರ ಅವನ ಚೀಲದಲ್ಲಿಯೇ ಮನೆಗೆ ಬರುತ್ತದೆ.

ತಾಯಿಯ ಕಿವಿಗೆ ಬಿದ್ದುದು ಬೇರೆಯೇ ಮಾತು. “ಆ ಹುಡುಗನಿಗೆ ಒಂದು ತುತ್ತು ಅನ್ನ ಹಾಕುವವರು ಯಾರೂ ಇರಲಿಲ್ಲವೇ?” ಸಾಹಿತ್ಯ ವಿಮರ್ಶೆಯಲ್ಲಿ ಈ ಮಾತಿಗೆ ಸ್ಥಾನವಿಲ್ಲದಿರಬಹುದು. ವೈದ್ಯನ ದೃಷ್ಟಿಯಿಂದ ಮಾತ್ರ ನಾಲ್ವರಲ್ಲಿ ರೋಗದ ಲಕ್ಷಣವನ್ನು ಮೊದಲು ಗುರುತಿಸಿದವರು ಆಕೆಯೇ.

ಮಗನು ನಗುತ್ತಾನೆ. ವಿವರಗಳು ಹಳೆಯವು, ಈಗಿನ ಕಚೇರಿಗಳಲ್ಲಿ ಪ್ರತ್ಯೇಕ ಕೋಣೆಯೂ ಇಲ್ಲ, ಹಾಕಿಕೊಳ್ಳಲು ಬಾಗಿಲೂ ಇಲ್ಲ ಎಂದು ತಪ್ಪು ಹುಡುಕುತ್ತಾನೆ. ದೋಷ ಹುಡುಕುವುದೇ ಉದ್ಯೋಗವಾದವನಿಗೆ ಕಥೆಯಲ್ಲಿಯೂ ಅದೇ ಮೊದಲು ಕಾಣುವುದು ಆಶ್ಚರ್ಯವಲ್ಲ. ಸ್ವಲ್ಪ ಹೊತ್ತಿನ ನಂತರ, “ಆದರೆ ಅಪ್ಪ, ಮೇಲಿನವರ ಒಂದು ಮೇಲ್ ಬಂದರೆ ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಅದನ್ನು ಸರಿಯಾಗಿ ಬರೆದಿದ್ದಾನೆ” ಎನ್ನುತ್ತಾನೆ. ತನ್ನ ಹೊಟ್ಟೆಯಲ್ಲಿ ಏನೋ ಆಗುತ್ತದೆ ಎಂದು ಅವನು ತಂದೆಯ ಎದುರು ಹೇಳಿದುದು ಬಹುಶಃ ಅದೇ ಮೊದಲು.

ಸೊಸೆ ಕೊನೆಯವರೆಗೂ ಸುಮ್ಮನಿರುತ್ತಾಳೆ. ಕೇಳಿದಾಗ, “ಇದರಲ್ಲಿ ಲೋಕಲ್ ಗಾಡಿಯೇ ಇಲ್ಲವಲ್ಲ ಅತ್ತೆ, ಅಡಿಗೆಮನೆಯೂ ಇಲ್ಲ” ಎನ್ನುತ್ತಾಳೆ. ನಾಲ್ಕು ಅಭಿಪ್ರಾಯಗಳಲ್ಲಿ ಅತ್ಯಂತ ತೀಕ್ಷ್ಣವಾದ ವಿಮರ್ಶೆ ಇದೇ. ಅಮೆರಿಕದ ಆ ತರುಣರು ಕಾರಿನಲ್ಲಿ ಕಚೇರಿಗೆ ಹೋಗುತ್ತಾರೆ, ಅವರಿಗೆ ಸಂಸಾರವಿಲ್ಲ. ಬೆಳಗಿನ ಜಾವ ಪಾಳಿ ಮುಗಿಸಿ ಮನೆ ಸೇರಿ ಮಗುವಿನ ಡಬ್ಬಿ ಕಟ್ಟಬೇಕಾದ ಹೆಣ್ಣುಮಗಳ ಎರಡನೆಯ ಪಾಳಿಯನ್ನು ಆ ಕಥೆ ಕಂಡಿಲ್ಲ. ಅದನ್ನು ಬರೆಯಬೇಕಾದವರು ಡೊಂಬಿವಲಿಯಲ್ಲಿಯೋ ಕಲ್ಯಾಣದಲ್ಲಿಯೋ ಇರುವವರೇ.

ಈ ನಾಲ್ವರಲ್ಲಿ ತಪ್ಪು ಹೇಳಿದವರು ಯಾರೂ ಇಲ್ಲ. ಲೆಕ್ಕದ ಪುಸ್ತಕದ ಒಂದೊಂದು ಖಾತೆಯನ್ನು ಒಬ್ಬೊಬ್ಬರು ನೋಡಿದ್ದಾರೆ. ನಾಲ್ಕನ್ನೂ ಕೂಡಿಸಿದಾಗ ಮಾತ್ರ ಶಿಲ್ಕು ಎಷ್ಟೆಂದು ತಿಳಿಯುತ್ತದೆ.

168 ಗಂಟೆಗಳ ಲೆಕ್ಕ

ವಾರಕ್ಕೆ 168 ಗಂಟೆಗಳು. ಬಡವನಿಗೂ ಶ್ರೀಮಂತನಿಗೂ ಈ ಬಂಡವಾಳ ಸಮಾನ. ದಿನಕ್ಕೆ 7 ಗಂಟೆಯಂತೆ ನಿದ್ರೆಗೆ 49 ಗಂಟೆ ತೆಗೆದಿಟ್ಟರೆ ಉಳಿಯುವುದು 119. ದಿನಕ್ಕೆ 9 ಗಂಟೆಯಂತೆ ವಾರಕ್ಕೆ 5 ದಿನ ದುಡಿದರೆ 45 ಗಂಟೆ. ಡೊಂಬಿವಲಿಯಿಂದ ಥಾಣೆಗೆ ಬಂದು, 2004ರಲ್ಲಿ ಆರಂಭವಾದ ಥಾಣೆ–ವಾಶಿ ಮಾರ್ಗದ ಗಾಡಿ ಹಿಡಿದು ಐರೋಲಿ, ರಬಾಳೆ ಅಥವಾ ಘಣಸೋಲಿಯಲ್ಲಿ ಇಳಿದು ಕಚೇರಿ ಸೇರಲು ಒಂದೂಕಾಲು ಗಂಟೆ ಹಿಡಿಯಿತೆನ್ನೋಣ. ಹೋಗಿಬರಲು ವಾರಕ್ಕೆ 12½ ಗಂಟೆ. ಎಲ್ಲ ಕಳೆದು 61½ ಗಂಟೆ ಉಳಿಯುತ್ತದೆ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರು ಸಂವಾದವೊಂದರಲ್ಲಿ, ದೇಶದ ಉತ್ಪಾದಕತೆ ಹೆಚ್ಚಬೇಕಾದರೆ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಅಭಿಪ್ರಾಯ ಸೂಚಿಸಿದರು. ಅದರ ಪರವಾಗಿಯೂ ವಿರೋಧವಾಗಿಯೂ ದೇಶದಲ್ಲೆಲ್ಲ ಚರ್ಚೆ ನಡೆಯಿತು. ಸ್ವತಃ ಕಠಿಣ ದುಡಿಮೆಯಿಂದ ಮೇಲೇರಿದ ಹಿರಿಯರ ಮಾತಿನಲ್ಲಿ ದೇಶದ ಕಾಳಜಿ ಇದೆಯೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೂ ಲೆಕ್ಕ ಲೆಕ್ಕವೇ. 70 ಗಂಟೆಯ ದುಡಿಮೆಯನ್ನು 6 ದಿನಗಳಿಗೆ ಹಂಚಿದರೆ ಪ್ರಯಾಣಕ್ಕೆ 15 ಗಂಟೆ ಸೇರಿ 85 ಆಗುತ್ತದೆ. ನಿದ್ರೆ ಕಳೆದು ಉಳಿಯುವುದು 34 ಗಂಟೆ. ಅಂದರೆ ದಿನಕ್ಕೆ 5 ಗಂಟೆಗೂ ಕಡಿಮೆ. ಸ್ನಾನ, ಊಟ, ಸಂತೆ, ಮಕ್ಕಳ ಪಾಠ, ವೃದ್ಧರ ಔಷಧ, ದೇವರ ದೀಪ ಎಲ್ಲವೂ ಅದರಲ್ಲಿಯೇ ಆಗಬೇಕು. ಆಗದಿದ್ದಾಗ ಮನುಷ್ಯನು ಸಾಲ ತೆಗೆಯುವುದು ನಿದ್ರೆಯ ಖಾತೆಯಿಂದ.

ಆ ಸಾಲಕ್ಕೆ ಬಡ್ಡಿ ಎಷ್ಟೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಕೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ವಾರಕ್ಕೆ 35–40 ಗಂಟೆ ದುಡಿಯುವವರಿಗಿಂತ 55 ಅಥವಾ ಹೆಚ್ಚು ಗಂಟೆ ದುಡಿಯುವವರಲ್ಲಿ ಮೆದುಳಿನ ಪಾರ್ಶ್ವವಾಯುವಿನ ಸಂಭವ ಶೇಕಡಾ 35ರಷ್ಟೂ, ಹೃದಯಕ್ಕೆ ರಕ್ತ ಪೂರೈಕೆ ಕುಂದಿ ಸಾಯುವ ಸಂಭವ ಶೇಕಡಾ 17ರಷ್ಟೂ ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಮಂದಿ ದೀರ್ಘ ದುಡಿಮೆಗೆ ಸಂಬಂಧಿಸಿದ ಈ ಎರಡು ಕಾಯಿಲೆಗಳಿಂದ ಮೃತರಾದರೆಂಬುದು ಅದರ ಅಂದಾಜು. ಈ ಎಣಿಕೆಯಲ್ಲಿ ಪ್ರಯಾಣದ ಗಂಟೆಗಳು ಸೇರಿಲ್ಲ ಎಂಬುದನ್ನು ಡೊಂಬಿವಲಿ, ಕಲ್ಯಾಣದವರು ವಿಶೇಷವಾಗಿ ಗಮನಿಸಬೇಕು. 2025ರ ಜೂನ್ 9ರಂದು ಮುಂಬ್ರಾದ ಬಳಿ ಕಿಕ್ಕಿರಿದ ಲೋಕಲ್ ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಯ ಬದಿಗೆ ಬಿದ್ದು ಪ್ರಾಣ ಕಳೆದುಕೊಂಡ ದುರ್ಘಟನೆಯನ್ನು ಈ ಭಾಗದವರು ಮರೆತಿರಲಾರರು. ಇಲ್ಲಿಯ ಉದ್ಯೋಗಸ್ಥನ ದುಡಿಮೆ ಪ್ಲಾಟ್‌ಫಾರ್ಮಿನ ಮೇಲೆಯೇ ಆರಂಭವಾಗುತ್ತದೆ.

ದೇಹ ಹೇಳುವ ಮಾತು

ನಿದ್ರೆಯ ವಿಚಾರ: ಜೀವಿಗಳ ಒಳಗಿರುವ ದಿನರಾತ್ರಿಯ ಗಡಿಯಾರ ಹೇಗೆ ನಡೆಯುತ್ತದೆಂಬುದನ್ನು ಕಂಡುಹಿಡಿದ ಹಾಲ್, ರೋಸ್‌ಬ್ಯಾಷ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಕತ್ತಲಾದೊಡನೆ ಮೆದುಳಿನಲ್ಲಿ ಸ್ರವಿಸುವ ಮೆಲಟೋನಿನ್ ನಿದ್ರೆಗೆ ಸಿದ್ಧತೆ ಮಾಡುತ್ತದೆ. ಪ್ರಖರ ಬೆಳಕು ಅದನ್ನು ತಡೆಯುತ್ತದೆ. ರಾತ್ರಿ ಪಾಳಿಯಲ್ಲಿ ಗಡಿಯಾರ ಒಂದು ಹೇಳಿದರೆ ಉದ್ಯೋಗ ಇನ್ನೊಂದು ಹೇಳುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ, ಪುನಃ 2019ರಲ್ಲಿ, ರಾತ್ರಿ ಪಾಳಿಯ ದುಡಿಮೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗದಲ್ಲಿ ಸೇರಿಸಿದೆ. ಇದರಿಂದ ಗಾಬರಿಗೊಳ್ಳಬೇಕಾಗಿಲ್ಲ, ಅಲಕ್ಷ್ಯವೂ ಸಲ್ಲದು. ಪಾಳಿ ಮುಗಿಸಿ ಬಂದವರಿಗೆ ಪರದೆ ಎಳೆದ ಕತ್ತಲ ಕೋಣೆ, ದಿನವೂ ಒಂದೇ ನಿದ್ರೆಯ ವೇಳೆ, ಮಲಗಿದಾಗ ಬಾಗಿಲ ಗಂಟೆಯನ್ನೂ ಫೋನನ್ನೂ ತಡೆಯುವ ಮನೆಯವರ ಸಹಕಾರ, ಇವಿಷ್ಟು ಅತ್ಯಗತ್ಯ. ಹಗಲು ಮಲಗುವ ಸೊಸೆಯನ್ನು ಸೋಮಾರಿಯೆಂದು ಕರೆಯದಿರುವುದೂ ಒಂದು ಔಷಧವೇ.

ಊಟದ ವಿಚಾರ: ಚಪ್ಪಟೆ ಎಂಬ ಮಾತ್ರಕ್ಕೆ ಆಹಾರದಲ್ಲಿ ದೋಷವಿಲ್ಲ. ಜೋಳದ ರೊಟ್ಟಿಯೂ ನೀರುದೋಸೆಯೂ ಚಪ್ಪಟೆಯೇ! ಮೈಕಲ್‌ನ ಊಟದ ದೋಷವೆಂದರೆ ಅದನ್ನು ಹಸಿವು ನೋಡದೆ, ಹೊತ್ತು ನೋಡದೆ, ಒಬ್ಬನೇ, ಬಾಗಿಲ ಹಿಂದೆ ಕುಳಿತು ತಿಂದುದು. ಬಲಗೈಯಲ್ಲಿ ಮೌಸ್ ಹಿಡಿದು ಎಡಗೈಯಿಂದ ವಡಾಪಾವ್ ತಿನ್ನುವವರು ಐರೋಲಿಯಲ್ಲಿಯೂ ಇದ್ದಾರೆ. ಮನೆಯಿಂದ ಕಟ್ಟಿಕೊಟ್ಟ ಡಬ್ಬಿಯನ್ನು ಯಂತ್ರದಿಂದ ಎದ್ದು ಹೋಗಿ, ಇನ್ನೊಬ್ಬರೊಡನೆ ಕುಳಿತು, ಇಪ್ಪತ್ತು ನಿಮಿಷ ತೆಗೆದುಕೊಂಡು ಉಣ್ಣುವುದರಿಂದ ಹೊಟ್ಟೆಗೂ ಮನಸ್ಸಿಗೂ ಲಾಭ. ರಾತ್ರಿ ಪಾಳಿಯವರು ನಡುರಾತ್ರಿಯ ಭಾರಿ ಊಟವನ್ನು ಬಿಟ್ಟು ಹಗುರವಾದುದನ್ನು ತಿನ್ನುವುದು ಲೇಸು.

ಕುಳಿತ ದೇಹದ ವಿಚಾರ: ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು. ಚುರುಕಿನ ನಡಿಗೆಯಾದರೂ ಸಾಕು. ನಿಲ್ದಾಣದಿಂದ ಕಚೇರಿಗೆ ಹಂಚಿಕೆಯ ರಿಕ್ಷಾ ಹಿಡಿಯುವ ಬದಲು ಒಂದು ಕಡೆಯಾದರೂ ನಡೆದರೆ ಆ ಲೆಕ್ಕದ ಬಹುಪಾಲು ಜಮಾ ಆಗುತ್ತದೆ. ಕಣ್ಣಿಗೆ ನೇತ್ರತಜ್ಞರು ಹೇಳುವ ಸುಲಭ ಸೂತ್ರವಿದೆ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡುವುದು. ಪರದೆ ನೋಡುವಾಗ ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆಂಬುದೂ ನೆನಪಿರಬೇಕು. ಮೂವತ್ತೈದು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವುದು ವಿವೇಕ. ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯಾಗುತ್ತದೆ. ಯಂತ್ರಕ್ಕೆ ಸವಕಳಿಯೆಂದು ವರ್ಷವರ್ಷವೂ ಮೊಬಲಗು ತೆಗೆದಿಡಲಾಗುತ್ತದೆ. ಯಂತ್ರ ನಡೆಸುವವನ ದೇಹಕ್ಕೆ ಮಾತ್ರ ಸವಕಳಿಯ ಖಾತೆ ಇರುವುದಿಲ್ಲ. ಅದನ್ನು ಅವನೇ ತೆರೆಯಬೇಕು.

ಮನಸ್ಸಿನ ವಿಚಾರ: 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿದ ರೋಗಗಳ ನೂತನ ವರ್ಗೀಕರಣದಲ್ಲಿ ‘ಬರ್ನ್‌ಔಟ್’ ಎಂಬುದನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಲಾಗಿದೆ. ಅದು ಸ್ವತಃ ರೋಗವಲ್ಲ. ಅದರ ಲಕ್ಷಣಗಳು ಮೂರು: ಶಕ್ತಿಯೆಲ್ಲ ಬತ್ತಿಹೋದ ಭಾವ, ಮಾಡುವ ಕೆಲಸದ ಬಗೆಗೆ ದೂರವಾದ ಅಥವಾ ಕಹಿಯಾದ ಮನಸ್ಸು, ಹಿಂದಿನಂತೆ ಕೆಲಸ ಸಾಗದಿರುವಿಕೆ. ನಾಗಪ್ಪನಿಗಾಗಲಿ ಮೈಕಲ್‌ಗಾಗಲಿ ಈ ಹೆಸರು ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ ಸಂಕಟಕ್ಕೆ ಮನುಷ್ಯ ಬಾಗಿಲು ಹಾಕಿಕೊಳ್ಳುತ್ತಾನೆ. ಇಂದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಹಗಲಿರುಳು ಉಚಿತವಾಗಿ ಸಲಹೆ ಪಡೆಯಬಹುದು. ಕನ್ನಡದಲ್ಲಿ ಮಾತನಾಡುವ ಅನುಕೂಲವೂ ಇದೆ. ನಿದ್ರೆ ವಾರಗಟ್ಟಲೆ ಕೆಟ್ಟರೆ, ಬದುಕೇ ಬೇಡವೆಂಬ ಯೋಚನೆ ಒಮ್ಮೆ ಸುಳಿದರೂ, ತಡಮಾಡದೆ ವೈದ್ಯರನ್ನು ಕಾಣಬೇಕು.

‘ಇದು ಯಾರ ಕಥೆ?’

ತಮ್ಮವರ ನಡುವಿನ ಕಥೆಯ ಭಾಗವೊಂದು ಪ್ರಕಟವಾದಾಗ ಓದುಗರಲ್ಲಿ ಹುಟ್ಟುವ ಇನ್ನೊಂದು ಪ್ರತಿಕ್ರಿಯೆ ಪಾತ್ರದ ಗುರುತು ಹಿಡಿಯುವುದು. ಆ ಅಧಿಕಾರಿ ಯಾರು, ಆ ಕಂಪನಿ ಯಾವುದು, ಆ ಹುಡುಗ ಯಾರ ಮಗ ಎಂಬ ಪಿಸುಮಾತು ಹರಡುತ್ತದೆ. ಮುಂಬಯಿಯ ಕನ್ನಡ ಸಮಾಜ ದೊಡ್ಡದಾದರೂ ಅದರ ಪರಿಚಯದ ವಲಯ ಚಿಕ್ಕದು. ಮದುವೆ ಮುಂಜಿಗಳಲ್ಲಿ ಎಲ್ಲರೂ ಎಲ್ಲರನ್ನೂ ಕಾಣುವವರೇ. ಈ ಬೇಟೆಯಿಂದ ಎರಡು ಹಾನಿಗಳಿವೆ. ಲೇಖಕನು ಹೆದರಿ ಮುಂದಿನ ಭಾಗವನ್ನು ಮೆದು ಮಾಡುತ್ತಾನೆ. ನಿಜವಾಗಿ ಸಂಕಟದಲ್ಲಿರುವವನು ತನ್ನನ್ನೂ ಗುರುತಿಸಿಬಿಟ್ಟಾರೆಂದು ಇನ್ನಷ್ಟು ಒಳಸರಿಯುತ್ತಾನೆ. ತ್ರಿವೇಣಿಯವರ ‘ಶರಪಂಜರ’, 1971ರಲ್ಲಿ ಪುಟ್ಟಣ್ಣ ಕಣಗಾಲ್ ಅವರಿಂದ ಚಲನಚಿತ್ರವೂ ಆದ ಆ ಕಾದಂಬರಿ, ಬಾಣಂತಿಯ ಮಾನಸಿಕ ಅಸ್ವಾಸ್ಥ್ಯವನ್ನೂ ಗುಣವಾದ ಮೇಲೆ ಸಮಾಜ ಆಕೆಯನ್ನು ನಡೆಸಿಕೊಂಡ ರೀತಿಯನ್ನೂ ಕನ್ನಡಿಗರ ಮುಂದಿಟ್ಟಿತು. ಆ ಕಾವೇರಿ ಯಾರೆಂದು ಹುಡುಕುವುದಕ್ಕಿಂತ ಅಂತಹವರನ್ನು ಮನೆಯಲ್ಲಿ ಹೇಗೆ ನಡೆಸಿಕೊಳ್ಳಬೇಕೆಂದು ಯೋಚಿಸುವುದರಲ್ಲಿಯೇ ಆ ಓದಿನ ಸಾರ್ಥಕತೆಯಿತ್ತು.

ಮೊದಲ ಭಾಗವೊಂದನ್ನೇ ಓದಿ ಇಡೀ ಕೃತಿಯ ಮೇಲೆ ತೀರ್ಪು ಕೊಡುವುದೂ ಸರಿಯಲ್ಲ. ಅರ್ಧವಾರ್ಷಿಕ ಲೆಕ್ಕವನ್ನು ನೋಡಿ ವರ್ಷದ ಲಾಭನಷ್ಟ ಹೇಳಲಾಗದಷ್ಟೆ. ‘ಮೈಕ್ರೋಸರ್ಫ್ಸ್’ನ ಮೊದಲ ಭಾಗದಲ್ಲಿ ಕಚೇರಿಯೇ ಪ್ರಪಂಚ. ಪೂರ್ಣ ಕಾದಂಬರಿಯಲ್ಲಿ ಗೆಳೆಯರು ದೊಡ್ಡ ಕಂಪನಿಯನ್ನು ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಉದ್ಯಮ ಹೂಡುತ್ತಾರೆ. ಐ.ಬಿ.ಎಂ. ಕಂಪನಿಯಿಂದ ಹೊರಹಾಕಲ್ಪಟ್ಟ ಡೇನಿಯಲ್‌ನ ತಂದೆ ಆ ಮನೆಯಲ್ಲಿ ಇದ್ದಾನೆ. ಬಹುಕಾಲ ದೇಹವನ್ನೇ ಮರೆತಿದ್ದವರು ಅಂಗಮರ್ದನ ಕಲಿತು ಒಬ್ಬರನ್ನೊಬ್ಬರು ಮುಟ್ಟಿ ಸಂತೈಸಲು ಕಲಿಯುತ್ತಾರೆ. ಕೊನೆಗೆ ಡೇನಿಯಲ್‌ನ ತಾಯಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗುತ್ತದೆ. ಆಗ ಆ ತರುಣರು ತಮ್ಮ ಗಣಕಯಂತ್ರದ ಮೂಲಕವೇ ಆಕೆಯು ಅಕ್ಷರಗಳಲ್ಲಿ ಮಾತನಾಡುವಂತೆ ಮಾಡುತ್ತಾರೆ. ಮನುಷ್ಯರನ್ನು ಬಾಗಿಲ ಹಿಂದೆ ಕೂಡಿಹಾಕಿದ ಯಂತ್ರವೇ ತಾಯಿಯ ಮಾತನ್ನು ಮಕ್ಕಳಿಗೆ ಮುಟ್ಟಿಸುವ ಸಾಧನವಾಗುತ್ತದೆ. ಮೊದಲ ಭಾಗವನ್ನು ಓದಿ, ಇದರಲ್ಲಿ ತಾಯಿ ಎಲ್ಲಿ, ಮನೆ ಎಲ್ಲಿ ಎಂದು ಕೇಳಿದವರಿದ್ದರೆ ಅವರಿಗೆ ಪೂರ್ಣ ಕೃತಿಯೇ ಉತ್ತರ ಕೊಟ್ಟಿದೆ.

ಸಂಘಗಳು ಮಾಡಬಹುದಾದುದು

ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಯಕ್ಷಗಾನ, ಉಚಿತ ನೇತ್ರ ತಪಾಸಣೆಗಳನ್ನು ಬಹುಕಾಲದಿಂದ ನಡೆಸುತ್ತ ಬಂದಿವೆ. ಅವುಗಳ ಜೊತೆಗೆ ವರ್ಷಕ್ಕೆ ಎರಡು ಬಾರಿಯಾದರೂ ಒಂದು ಓದಿನ ಸಂಜೆಯನ್ನು ಏರ್ಪಡಿಸುವುದು ಕಷ್ಟವಲ್ಲ, ಖರ್ಚಿನದೂ ಅಲ್ಲ. ‘ಶಿಕಾರಿ’ಯ ಒಂದು ಅಧ್ಯಾಯವನ್ನೋ, ಸ್ಥಳೀಯ ತರುಣರೊಬ್ಬರು ಬರೆಯುತ್ತಿರುವ ಕಾದಂಬರಿಯ ಒಂದು ಭಾಗವನ್ನೋ ಓದಿಸಬಹುದು. ಸಭಿಕರಲ್ಲಿ ನಿವೃತ್ತರೂ ಗೃಹಿಣಿಯರೂ ಉದ್ಯೋಗಸ್ಥ ತರುಣ ತರುಣಿಯರೂ ಇರಲಿ. ವೈದ್ಯರೊಬ್ಬರನ್ನೂ ಕರೆಯಲಿ, ಆದರೆ ಭಾಷಣಕ್ಕಲ್ಲ, ಕೇಳುವುದಕ್ಕೆ. “ನಿನಗೆ ಏನಾಗಿದೆ?” ಎಂದು ನೇರವಾಗಿ ಕೇಳಿದರೆ “ಏನೂ ಇಲ್ಲ” ಎಂಬ ಉತ್ತರವೇ ಸಿದ್ಧವಾಗಿರುತ್ತದೆ. “ಈ ಕಥೆಯ ಹುಡುಗನಿಗೆ ಏನಾಗಿದೆ?” ಎಂದು ಕೇಳಿದರೆ ಅದೇ ತರುಣನು ಹತ್ತು ನಿಮಿಷ ಮಾತನಾಡುತ್ತಾನೆ. ಆ ಹತ್ತು ನಿಮಿಷಗಳಲ್ಲಿ ಅವನ ತಂದೆತಾಯಿಗಳು ಹತ್ತು ವರ್ಷದಿಂದ ತಿಳಿಯದೆ ಉಳಿದುದನ್ನು ತಿಳಿಯಬಹುದು.

ಊರನ್ನು ಬಿಟ್ಟು ಬಂದ ಹಿಂದಿನ ತಲೆಮಾರಿನ ಕನ್ನಡಿಗರು ಹೋಟೆಲಿನ ಬಿಸಿಯಲ್ಲಿ, ಕಾರ್ಖಾನೆಯ ಹೊಗೆಯಲ್ಲಿ, ಬ್ಯಾಂಕಿನ ಕಡತಗಳ ನಡುವೆ ದುಡಿದು ಮಕ್ಕಳನ್ನು ಓದಿಸಿದರು. ಮಕ್ಕಳಿಗೆ ಬೆವರದ ಕೆಲಸ ಸಿಗಲೆಂಬುದೇ ಅವರ ಆಸೆಯಾಗಿತ್ತು, ಅದು ಕೈಗೂಡಿತು. ಬೆವರಿಲ್ಲದ ದುಡಿಮೆಯಲ್ಲಿಯೂ ದಣಿವುಂಟು ಎಂಬುದನ್ನು ಮಾತ್ರ ಆ ಹಿರಿಯರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಬೇಕಾದ ಮಕ್ಕಳಿಗೆ ಮಾತು ಸಿಕ್ಕಿಲ್ಲ. ಒಳ್ಳೆಯ ಕಾದಂಬರಿಯ ಒಂದು ಭಾಗ, ಅದು ಇನ್ನೂ ಪೂರ್ಣವಾಗದ ಕರಡಾಗಿದ್ದರೂ, ಆ ಮಾತನ್ನು ಒದಗಿಸಬಲ್ಲುದು. ಮನೆಯ ಊಟವನ್ನು ಬಾಗಿಲ ಸಂದಿನಲ್ಲಿ ಜಾರಿಸುವಂತಹ ಸ್ಥಿತಿ ಯಾವ ಕನ್ನಡ ಮನೆಗೂ ಬಾರದಿರಲಿ. ಬಾಗಿಲು ಮುಚ್ಚಿದ್ದು ಕಂಡರೆ ತಟ್ಟುವ ಧೈರ್ಯ ಎಲ್ಲರಿಗೂ ಇರಲಿ.